ಕೇಳಿದರೆ ಮಾತ್ರ ಹೇಳುವುದು

ಆಲ್ಬೋರ್ಗ್
17 ಆಗಸ್ಟ್ 1998

ಐನಾರ್ ಅವರಿಗೆ,

ನರ್ಸಿಂಗ್ ಶಾಲೆ ಮತ್ತೆ ಶುರುವಾಯಿತು. ಗೇಟಿನ ಬಳಿ ಸೈಕಲ್ಲುಗಳ ರಾಶಿ, ಒಳಗೆ ಹೊಸ ಹುಡುಗಿಯರ ಗಲಾಟೆ. ಮೊದಲ ದಿನ ಎಲ್ಲರೂ ಹೇಳುವುದು ಒಂದೇ ಮಾತು: "ನಂಗೆ ಜನರ ಸೇವೆ ಮಾಡೋದಂದ್ರೆ ಇಷ್ಟ ಮೇಡಂ." ಎರಡನೇ ವಾರ ಬೆಡ್‌ಪ್ಯಾನ್ ಕೈಗೆ ಕೊಟ್ಟಾಗ ಯಾರಿಗೆ ಎಷ್ಟು ಇಷ್ಟ ಎಂದು ತಿಳಿಯುತ್ತದೆ.

ನವೆಂಬರಿನಲ್ಲಿ ಎರಡು ವಾರ ನೀವು ಬರುತ್ತೀರೆಂದು ನಿಮ್ಮನ್ನು ಕೇಳದೆಯೇ ವೇಳಾಪಟ್ಟಿಯಲ್ಲಿ ಬರೆದುಬಿಟ್ಟಿದ್ದೇನೆ. ಐದು ವರ್ಷಗಳಿಂದ ನಮ್ಮ ಅಭ್ಯಾಸದ ಕೋಣೆಯ ಮಂಚದ ಮೇಲೆ ಮಲಗಿ ಹೃದಯಾಘಾತ, ಕಾಮಾಲೆ, ಮುರಿದ ಸೊಂಟ ಎಲ್ಲವನ್ನೂ ಆಡಿ ತೋರಿಸಿದವರಿಗೆ ಹೊಸದಾಗಿ ಆಹ್ವಾನ ಬೇಕಿಲ್ಲ ಎಂದುಕೊಂಡೆ. ತಪ್ಪಾಗಿದ್ದರೆ ಹೇಳಿ.

ಈ ಸಲದ ಪಾತ್ರ ಹೀಗಿದೆ. ಹೆಸರು ಮಾದ್ಸೆನ್, ವಯಸ್ಸು ಎಪ್ಪತ್ತು, ನಿವೃತ್ತ ಬಡಗಿ. ಪಾರ್ಶ್ವವಾಯು ಬಡಿದು ಮೂರು ದಿನವಾಗಿದೆ. ಬಲಗೈಯಲ್ಲಿ ಶಕ್ತಿಯಿಲ್ಲ. ಬೇಕಾದ ಮಾತು ಬಾಯಿಗೆ ಬರುವುದಿಲ್ಲ, ಬಂದದ್ದು ಬೇಕಾದ ಮಾತಲ್ಲ. ಬುದ್ಧಿ ಮಾತ್ರ ಪೂರ್ತಿ ಸರಿಯಾಗಿದೆ. ಹುಡುಗಿಯರು ಇದನ್ನು ಮರೆತು ಮಗುವಿನ ಜೊತೆ ಮಾತಾಡಿದಂತೆ ಮಾತಾಡುತ್ತಾರೆ, ನೋಡುತ್ತಿರಿ. ಅಂಗಿ ತೊಡಿಸುವಾಗ ಶಕ್ತಿಯಿಲ್ಲದ ತೋಳಿಗೆ ಮೊದಲು ತೊಡಿಸಬೇಕು, ಬಿಚ್ಚುವಾಗ ಅದೇ ತೋಳಿನಿಂದ ಕೊನೆಗೆ ಬಿಚ್ಚಬೇಕು. ತಿರುಗುಮುರುಗಾಗಿ ಮಾಡಿದರೆ ನರಳಿ.

ಎಂದಿನಂತೆ ಪಾತ್ರದ ಕೊನೆಯ ಸಾಲು, ಕೇಳಿದರೆ ಮಾತ್ರ ಹೇಳುವುದು: ಮಾದ್ಸೆನ್ ಮನೆಯಲ್ಲಿ ಒಂದು ನಾಯಿಯಿದೆ. ಮೂರು ದಿನದಿಂದ ಅದಕ್ಕೆ ಯಾರು ಊಟ ಹಾಕುತ್ತಿದ್ದಾರೋ ಅವನಿಗೆ ಗೊತ್ತಿಲ್ಲ. ಅದಕ್ಕೇ ಅವನೂ ಊಟ ಬಿಟ್ಟಿದ್ದಾನೆ. ಹುಡುಗಿ ಕೈ ಬೆಚ್ಚಗೆ ಮಾಡಿಕೊಂಡು ಬಂದು, ಕುರ್ಚಿ ಎಳೆದು ಕೂತು, ನಿಮ್ಮ ಮುಖ ನೋಡಿ ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾದರೆ ಮಾತ್ರ ಇದನ್ನು ತಿಳಿಸಿ. ನಿಂತು ಕೇಳಿದವಳಿಗೆ ತಿಳಿಸಬೇಡಿ. ಹೋದ ವರ್ಷ ಒಬ್ಬಳು ಅಳುತ್ತಾಳೆಂದು ಎಲ್ಲವನ್ನೂ ಒಪ್ಪಿಸಿಬಿಟ್ಟಿರಿ. ನಾನು ಮರೆತಿಲ್ಲ.

ಈ ಸಲ ನಮ್ಮ ಮುಖ್ಯಸ್ಥೆಯೂ ಒಂದು ದಿನ ಬಂದು ನೋಡುತ್ತಾರಂತೆ. ವಿಶೇಷವೇನಿಲ್ಲ.

ಥೀರಾ ಕ್ರಾಗ್


ಲೇಸೋ ದ್ವೀಪ
26 ಆಗಸ್ಟ್ 1998

ಥೀರಾ ಮೇಡಂ ಅವರಿಗೆ,

ಬಾಯಿ ನಿಲ್ಲದ ನನಗೆ ಮಾತು ಬಾರದವನ ಪಾತ್ರ ಕೊಟ್ಟಿದ್ದೀರಿ. ಊರಿನವರಿಗೆ ತಿಳಿದರೆ ನಿಮ್ಮನ್ನು ಬಂದರಿನಿಂದ ಮೆರವಣಿಗೆಯಲ್ಲಿ ಕರೆತಂದಾರು. ಅಂಗಡಿಯ ವೆರ್ನರ್‌ಗೆ ಹೇಳಿದೆ. "ಏನಯ್ಯಾ, ಎರಡೇ ವಾರಾನಾ? ವರ್ಷ ಪೂರ್ತಿ ಇಟ್ಕೊಳ್ಳೋಕೆ ಹೇಳು ಆ ಮೇಡಂಗೆ," ಅಂದ.

ಫೋನ್ ಮಾಡಿ ಒಪ್ಪಿಗೆ ಹೇಳಬಹುದಿತ್ತು ನಿಜ. ಆದರೆ ಇಡೀ ಆಯುಷ್ಯ ಹಡಗಿನ ಇಂಜಿನ್ ಕೋಣೆಯಲ್ಲಿ ಕಳೆದ ಈ ಕಿವಿಗೆ ಫೋನಿನಲ್ಲಿ ಕೇಳುವುದು ಗುಂಯ್ ಎನ್ನುವ ಸದ್ದು ಮಾತ್ರ. ಅಲ್ಲದೆ ನಿಮ್ಮ ಪತ್ರವನ್ನು ಮೂರು ಸಲ ಓದಬಹುದು, ಫೋನಿನ ಮಾತನ್ನು ಒಂದೇ ಸಲ ಕೇಳಬೇಕು.

ನಿಮಗೆ ನೆನಪಿದೆಯೇ, ನಮ್ಮ ಸಭಾಭವನದ ಚಳಿಗಾಲದ ನಾಟಕಕ್ಕೆ ನಿಮ್ಮ ಚಿಕ್ಕಮ್ಮನ ಮಗಳು ನಿಮ್ಮನ್ನು ಕರೆತಂದ ವರ್ಷ? ನಾನು ಪಾದ್ರಿಯ ವೇಷ ಹಾಕಿ ಎರಡನೇ ಅಂಕದಲ್ಲಿ ಸತ್ತೆ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಆಮೇಲೆ ಕಾಫಿಯ ಹೊತ್ತಿಗೆ ನೀವು ನೇರವಾಗಿ ಬಂದು ಹೇಳಿದಿರಿ: "ಸಾಯೋವಾಗ ಉಸಿರು ಹಾಗೆ ಬಿಡಲ್ಲ. ಆದ್ರೆ ಕೈ ಸರಿಯಾಗಿತ್ತು. ನಮ್ಮ ಶಾಲೆಗೆ ಬರ್ತೀರಾ?" ಹೆಂಗಸೊಬ್ಬಳು ನನ್ನನ್ನು ಎಲ್ಲಿಗಾದರೂ ಕರೆದದ್ದು ಹೆಂಡತಿ ಮೆಟ್ಟೆ ತೀರಿಹೋದ ಮೇಲೆ ಅದೇ ಮೊದಲು. ಸಾಯುವುದಕ್ಕೆ ಕರೆದಿರಿ ಅನ್ನುವುದು ಬೇರೆ ವಿಷಯ.

ಒಂದು ಮಾತು ಹೇಳುತ್ತೇನೆ, ನಗಬೇಡಿ. ಹೋದ ವರ್ಷ ರಿಕ್ಕೆ ಅನ್ನುವ ಹುಡುಗಿ ನನ್ನ ಬೆನ್ನು ಒರೆಸಿದಳಲ್ಲ, ಅವಳ ಕೈ ಹಸಿ ಮೀನಿನ ಹಾಗೆ ತಣ್ಣಗಿತ್ತು. ನಾನು ಬೈದೆ. ನೀವೂ ಬೈದಿರಿ. ನಿಜ ಹೇಳಬೇಕೆಂದರೆ ಆ ತಣ್ಣನೆ ಕೈಯೂ ನನಗೆ ಇಷ್ಟವಾಗಿತ್ತು. ಈ ಮನೆಯಲ್ಲಿ ನನ್ನನ್ನು ಮುಟ್ಟುವವರು ಯಾರೂ ಇಲ್ಲ. ಕ್ಷೌರದವನು ಮುಟ್ಟುತ್ತಾನೆ, ಅವನು ಮುದುಕ. ವರ್ಷದ ಉಳಿದ ದಿನಗಳನ್ನು ನಾನು ನವೆಂಬರಿನ ಕಡೆಗೆ ಮುಖ ಮಾಡಿಯೇ ಕಳೆಯುತ್ತೇನೆ.

ಒಂದು ತಕರಾರು. ಮಾತೇ ಬಾರದ ಮಾದ್ಸೆನ್ ನಾಯಿಯ ವಿಷಯ ಹೇಳುವುದು ಹೇಗೆ? ಬೊಗಳಬೇಕೇ?

ನಿಮ್ಮ ಐನಾರ್ ಹೋಲ್ಮ್


ಆಲ್ಬೋರ್ಗ್
9 ಸೆಪ್ಟೆಂಬರ್ 1998

ಐನಾರ್ ಅವರಿಗೆ,

ಬೊಗಳಬೇಡಿ. ಅದೇ ಪರೀಕ್ಷೆ. ಮಾತು ಬಾರದವನನ್ನು ಹೌದು ಅಥವಾ ಅಲ್ಲ ಎನ್ನುವ ಪ್ರಶ್ನೆಗಳಿಂದಲೇ ಕೇಳಬೇಕು. ಅವನ ಸರಿಯಿರುವ ಕೈಯನ್ನು ತನ್ನ ಕೈಯಲ್ಲಿ ಹಿಡಿದು, "ಹೌದು ಅಂದ್ರೆ ಒತ್ತಿ" ಎಂದು ಹೇಳಬೇಕು. ನೋವಿದೆಯೇ? ಮನೆಯ ಚಿಂತೆಯೇ? ಮನೆಯಲ್ಲಿ ಯಾರಾದರೂ ಇದ್ದಾರೆಯೇ? ನಾಯಿಯವರೆಗೆ ತಲುಪಲು ತಾಳ್ಮೆ ಬೇಕು. ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವಿದೆ. ಕಲಿಯುವುದು ಮಾತ್ರ ಮಂಚದ ಪಕ್ಕದಲ್ಲಿ.

ತಣ್ಣನೆ ಕೈಯ ಬಗ್ಗೆ ನೀವು ಬರೆದದ್ದು ಉಪಯೋಗವಾಯಿತು. ಅಭ್ಯಾಸದ ಕೋಣೆಯಲ್ಲಿ ಬಾಗಿಲ ಪಕ್ಕದಲ್ಲೇ ಬಿಸಿನೀರಿನ ಬೋಗುಣಿ ಇಡಿಸಿದ್ದೇನೆ. ಇನ್ನು ಮೇಲೆ ನಿಮಗೆ ಆ ತೊಂದರೆ ಆಗದು.

ರಿಕ್ಕೆ ಈಗ ಎರಡನೇ ವರ್ಷದಲ್ಲಿದ್ದಾಳೆ. ಲಿಖಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದು, ಮಂಚದ ಹತ್ತಿರ ಬಂದರೆ ಮರದ ಕೊರಡು. ಪ್ರಶ್ನೆ ಕೇಳಿ ಉತ್ತರ ಬರುವ ಮೊದಲೇ ಗಡಿಯಾರ ನೋಡುತ್ತಾಳೆ. ನೀವು ಅವಳಿಗೆ ಅಂದದ್ದು ಅವಳಿನ್ನೂ ಮರೆತಿಲ್ಲ: "ಮಗಾ, ನಾಡಿ ಎಣಿಸೋವಾಗ ಗಡಿಯಾರ ನೋಡು. ನನ್ನ ಹತ್ರ ಮಾತಾಡೋವಾಗ ನನ್ನ ನೋಡು." ತನ್ನ ಕೊಠಡಿಯ ಗೋಡೆಗೆ ಅದನ್ನು ಬರೆದು ಅಂಟಿಸಿದ್ದಾಳಂತೆ.

ನಿಮ್ಮ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿದ್ದೇನೆ. ಅಲ್ಲಿಂದ ನೀರು ಕಾಣುತ್ತದೆ. ಹೋದ ವರ್ಷ ನೀವು ಹೊರಟ ಮೇಲೆ ನಾನೇ ಅದರ ಮೇಲೆ ಸ್ವಲ್ಪ ಹೊತ್ತು ಮಲಗಿದ್ದೆ, ಬೆಳಕು ಕಣ್ಣಿಗೆ ಹೊಡೆಯುತ್ತದೆಯೇ ನೋಡಲು.

ಥೀರಾ ಕ್ರಾಗ್


ಲೇಸೋ ದ್ವೀಪ
27 ಸೆಪ್ಟೆಂಬರ್ 1998

ಥೀರಾ ಮೇಡಂ ಅವರಿಗೆ,

ಬೋಗುಣಿ ಇಡಿಸಿದ್ದು ಒಳ್ಳೆಯದಾಯಿತು. ನಾನು ಬರೆದದ್ದು ಬೋಗುಣಿಯ ವಿಷಯವಾಗಿರಲಿಲ್ಲ. ಇರಲಿ.

ಪಾತ್ರ ಕೈಗೆ ಹತ್ತುತ್ತಿದೆ. ಮೊನ್ನೆ ವೆರ್ನರ್ ಅಂಗಡಿಗೆ ಹೋಗಿದ್ದೆ. ಬೆಣ್ಣೆ ಬೇಕಿತ್ತು. ಬಾಯಿ ತೆರೆದರೆ 'ಹಗ್ಗ' ಎಂದು ಬಂತು. ಅವನು ಹೋಗಿ ಹಗ್ಗದ ಸುರುಳಿ ತಂದ. ನಾನು ತಲೆಯಾಡಿಸಿ, ಬೆರಳು ತೋರಿಸಿ, ಮತ್ತೆ 'ಹಗ್ಗ' ಅಂದೆ. ನಾಲ್ಕು ಜನ ಸಾಲಿನಲ್ಲಿ ನಿಂತಿದ್ದರು. ವೆರ್ನರ್ ಗಲ್ಲಾಪೆಟ್ಟಿಗೆ ತಟ್ಟಿ ನಕ್ಕ. "ಬಿಡಯ್ಯಾ ಬಿಡು, ಸಾಕು. ಇದನ್ನ ಆಲ್ಬೋರ್ಗ್‌ಗೆ ಉಳಿಸ್ಕೋ, ಇಲ್ಲಿ ಯಾರೂ ಟಿಕೆಟ್ ಕೊಂಡು ನೋಡಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಣ್ಣೆ ತೆಗೆದುಕೊಳ್ಳದೆ ಮನೆಗೆ ಬಂದೆ. ಬಾಗಿಲು ತೆರೆಯುವ ಹೊತ್ತಿಗೆ ಬೆಣ್ಣೆ ಅನ್ನುವ ಮಾತು ತಾನಾಗಿ ನಾಲಿಗೆಗೆ ಬಂತು. ಖಾಲಿ ಮನೆಯಲ್ಲಿ ಒಬ್ಬನೇ ನಿಂತು ಬೆಣ್ಣೆ, ಬೆಣ್ಣೆ ಎಂದು ಹೇಳಿಕೊಂಡೆ.

ಬಲಗೈಯ ಅಭ್ಯಾಸವೂ ನಡೆದಿದೆ. ಕಾಫಿ ಬಟ್ಟಲು ಹಿಡಿದಿರುತ್ತೇನೆ, ಕೈ ತಾನೇ ಬಿಟ್ಟುಬಿಡುತ್ತದೆ. ಮೆಟ್ಟೆಯ ನೀಲಿ ಬಟ್ಟಲುಗಳಲ್ಲಿ ಎರಡು ಹೋದವು. ಅಂಗಿ ತೊಡುವಾಗ ನಿಮ್ಮ ಮಾತಿನಂತೆ ಬಲಗೈಯಿಂದ ಶುರು ಮಾಡುತ್ತೇನೆ. ನೀವು ಹೇಳಿದ್ದು ಸರಿ, ಹಾಗೆಯೇ ಸುಲಭ.

ಪಾತ್ರ ಮಾಡುವವನು ಆರೋಗ್ಯವಾಗಿರಬೇಕು ಅನ್ನುವ ನಿಯಮ ಈಗಲೂ ಇದೆಯೇ? ನಿಜವಾದ ಕಾಯಿಲೆಯವರನ್ನು ಶಾಲೆ ಮಲಗಿಸುವುದಿಲ್ಲ ಎಂದು ಒಮ್ಮೆ ಹೇಳಿದ್ದಿರಿ. ಸುಮ್ಮನೆ ಕೇಳಿದೆ.

ಐನಾರ್


ಆಲ್ಬೋರ್ಗ್
5 ಅಕ್ಟೋಬರ್ 1998

ಐನಾರ್ ಅವರಿಗೆ,

ನಿಮ್ಮ ಪತ್ರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಬೆಣ್ಣೆಯ ಬದಲು ಹಗ್ಗ! ಇಪ್ಪತ್ತೆಂಟು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು, ಆದರೂ ಇಷ್ಟು ಸರಿಯಾಗಿ ವಿವರಿಸಲು ನನಗೆ ಬರುತ್ತಿರಲಿಲ್ಲ. ಮನೆಗೆ ಬಂದು ಬೆಣ್ಣೆ ಬೆಣ್ಣೆ ಎಂದುಕೊಂಡದ್ದಂತೂ ಹುಡುಗಿಯರಿಗೆ ಬಹಳ ಹಿಡಿಸಿತು. ಒಂದು ಸಲಹೆ: ಬಾಯಿಯ ಬಲ ತುದಿ ಕೊಂಚ ಇಳಿಯಲಿ. ಕನ್ನಡಿಯ ಮುಂದೆ ಮಾಡಿ ನೋಡಿ.

ನಿಯಮ ಇದ್ದೇ ಇದೆ. ಹೋದ ವರ್ಷ ಎದೆನೋವಿನ ಪಾತ್ರದ ಮುದುಕಿಗೆ ನಿಜವಾದ ರಕ್ತದೊತ್ತಡ ಇದೆಯೆಂದು ತಿಳಿದು ಆಕೆಯನ್ನು ಬಿಡಬೇಕಾಯಿತು. ನಿಮಗೇಕೆ ಆ ಚಿಂತೆ? ನೀವು ನಮ್ಮ ಮುಖ್ಯಸ್ಥೆಗಿಂತ ಗಟ್ಟಿ.

ಇಷ್ಟು ದಿನ ಒಂದು ವಿಷಯ ಹೇಳಿರಲಿಲ್ಲ. ಶಾಲೆಗೆ ಗೊಂಬೆಯೊಂದನ್ನು ತರಿಸುವ ಮಾತು ನಡೆದಿದೆ. ರಬ್ಬರಿನ ಮನುಷ್ಯ. ಎದೆ ಏರಿಳಿಯುತ್ತದೆ, ಮಣಿಕಟ್ಟಿನಲ್ಲಿ ನಾಡಿ ಮಿಡಿಯುತ್ತದೆ, ಬೇಕಾದಷ್ಟು ಸಲ ಚುಚ್ಚಬಹುದು. ಅದು ಬಂದರೆ ಮನುಷ್ಯರನ್ನು ಕರೆಸುವುದು ನಿಲ್ಲುತ್ತದೆ. ಮುಖ್ಯಸ್ಥೆ ನವೆಂಬರಿನಲ್ಲಿ ನಿಮ್ಮ ಮಾದ್ಸೆನ್‌ನನ್ನು ನೋಡಿದ ಮೇಲೆ ತೀರ್ಮಾನ ಹೇಳುತ್ತಾರಂತೆ. ಗೊಂಬೆ ಬೇಡವೆಂದು ನಾನು ಹೇಳುವುದಿಲ್ಲ. ಚುಚ್ಚುಮದ್ದನ್ನು ಮೊದಲು ರಬ್ಬರಿನ ಮೇಲೆ ಕಲಿಯುವುದೇ ಒಳ್ಳೆಯದು. ಆದರೆ ನಾಯಿಯ ವಿಷಯವನ್ನು ಅದು ಯಾರಿಗೆ ಹೇಳೀತು?

ಹಾಗಾಗಿ ಚೆನ್ನಾಗಿ ಮಾಡಿ, ಐನಾರ್. ಈ ನವೆಂಬರ್ ನಮಗೆ ಬೇಕೇ ಬೇಕು. ಶಾಲೆಗೆ ಎಂದು ಬರೆಯಲು ಹೊರಟಿದ್ದೆ.

ಥೀರಾ


ಲೇಸೋ ದ್ವೀಪ
15 ಅಕ್ಟೋಬರ್ 1998

ಥೀರಾ ಮೇಡಂ ಅವರಿಗೆ,

'ನಮಗೆ' ಅನ್ನುವ ಮಾತನ್ನು ಮೂರಲ್ಲ, ಹೆಚ್ಚು ಸಲ ಓದಿದೆ. ಬರುತ್ತೇನೆ. ಯಾವ ರಬ್ಬರಿನವನಿಗೂ ನನ್ನ ಮಂಚ ಬಿಟ್ಟುಕೊಡುವುದಿಲ್ಲ.

ಸೋಮವಾರ ನನ್ನ ಹುಟ್ಟುಹಬ್ಬ. ಅರವತ್ತೆಂಟಾಯಿತು. ಪ್ರತಿ ಹುಟ್ಟುಹಬ್ಬದಂತೆ ಬೆಳಿಗ್ಗೆ ಅಂಗಳಕ್ಕೆ ಹೋಗಿ ಬಾವುಟ ಏರಿಸಲು ಹಗ್ಗ ಎಳೆದೆ. ಅರ್ಧ ಏರಿತ್ತು, ಕೈ ನಿಂತುಬಿಟ್ಟಿತು. ಬೆರಳುಗಳು ನನ್ನವೇ, ಹೇಳಿದ ಮಾತು ಕೇಳಲಿಲ್ಲ. ಹೇಗೋ ಎಡಗೈಯಿಂದ ಹಗ್ಗ ಸುತ್ತಿ ಒಳಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ನೋಡಿದರೆ ಪಕ್ಕದ ಮನೆಯ ಗಂಡಹೆಂಡಿರು, ಹಿಂದೆ ವೆರ್ನರ್, ಎಲ್ಲರೂ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಾರೆ. ವೆರ್ನರ್ ಮೆಲ್ಲಗೆ ಕೇಳಿದ: "ಯಾರು ಹೋದ್ರೋ ಐನಾರ್?" ಬಾವುಟ ಅರ್ಧಕ್ಕೆ ನಿಂತಿತ್ತಲ್ಲ, ನಮ್ಮ ಮನೆಯಲ್ಲಿ ಸಾವಾಗಿದೆ ಎಂದುಕೊಂಡಿದ್ದರು. ಈ ಮನೆಯಲ್ಲಿ ಸಾಯಲು ನಾನೊಬ್ಬನೇ ಉಳಿದಿರುವುದು, ಅದನ್ನೂ ಯೋಚಿಸಲಿಲ್ಲ. ನಾನು ಎದೆ ತಟ್ಟಿ ತೋರಿಸಿದೆ. ಪಾತ್ರದ ಅಭ್ಯಾಸ ಎಂದು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೇಕ್ ತಿಂದು ಹೋದರು.

ಕೈಯ ವಿಷಯದಲ್ಲಿ ನಿಮಗೆ ಹೇಳಬೇಕಾದದ್ದು ಒಂದಿದೆ, ಹುಡುಗಿಯರಿಗೆ ಕಲಿಸಲು ಬೇಕಾದೀತು. ಹೋಗುವಾಗ ಅಷ್ಟು ಹೆದರಿಕೆಯಾಗುವುದಿಲ್ಲ. ತಿರುಗಿ ಬರುತ್ತದಲ್ಲ, ಆಗ ಹೆದರಿಕೆ. ಕಾಫಿ ಆರುವಷ್ಟರಲ್ಲಿ ಏನೂ ಆಗಿಲ್ಲ ಅನ್ನುವ ಹಾಗೆ ತಿರುಗಿ ಬಂದು ಮಡಿಲಲ್ಲಿ ಕೂರುತ್ತದೆ. ಎಲ್ಲಿಗೆ ಹೋಗಿತ್ತು ಎಂದು ಹೇಳುವುದಿಲ್ಲ. ಇನ್ನೊಮ್ಮೆ ಹೋದರೆ ಬರುತ್ತದೆಯೇ ಎಂದೂ ಹೇಳುವುದಿಲ್ಲ. ನಾನು ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂರುತ್ತೇನೆ.

ನವೆಂಬರ್ ಇನ್ನು ದೂರವಿಲ್ಲ. ಹೊಸ ಪೈಜಾಮ ಕೊಂಡಿದ್ದೇನೆ.

ಐನಾರ್


ಆಲ್ಬೋರ್ಗ್
25 ಅಕ್ಟೋಬರ್ 1998

ಐನಾರ್,

ಆಸ್ಪತ್ರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಿನ್ನೆ ನಾನು ಅಲ್ಲಿಗೆ ಬಂದಿದ್ದೆ. ನಿಮ್ಮ ವಾರ್ಡಿನ ನರ್ಸ್ ಬಾಗಿಲಲ್ಲೇ ತಡೆದಳು. "ಅವ್ರು ಯಾರೂ ಬೇಡ ಅಂತ ಕೈ ಮಾಡಿದ್ರು ಮೇಡಂ. ನಿಮ್ಮ ಹೆಸರು ಹೇಳ್ದೆ. ಗೋಡೆ ಕಡೆ ತಿರುಗಿದ್ರು." ಅವಳು ನನ್ನದೇ ಹಳೆಯ ವಿದ್ಯಾರ್ಥಿನಿ. ರೋಗಿಯ ಮಾತು ಮೀರಬಾರದು ಎಂದು ಕಲಿಸಿದವಳು ನಾನೇ. ತಿರುಗಿ ಬಸ್ಸು ಹತ್ತಿದೆ.

ನಡೆದದ್ದು ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಹಾಗಾಗಿ ನಾನು ಹೇಳುತ್ತೇನೆ.

ಬಾವುಟದ ಪತ್ರ ಬಂದ ದಿನ ಅದನ್ನು ಎಂದಿನಂತೆ ತರಗತಿಗೆ ಒಯ್ದು ಓದಿದೆ. ಟೋಪಿ ತೆಗೆದು ನಿಂತವರ ಕಥೆಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈ ತಿರುಗಿ ಬರುವ ಭಾಗ ಓದಿ, "ನೋಡಿ, ಪಾತ್ರದೊಳಗೆ ಇಳಿಯೋದು ಅಂದ್ರೆ ಹೀಗೆ," ಎಂದೆ. ಹಿಂದಿನ ಬೆಂಚಿನಿಂದ ರಿಕ್ಕೆ ಕೈ ಎತ್ತಿದಳು.

"ಮೇಡಂ, ಮಾದ್ಸೆನ್‌ಗೆ ಕೈ ವಾಪಸ್ ಬರೋದೇ ಇಲ್ವಲ್ಲ?"

"ಇಲ್ಲ," ಎಂದೆ.

"ಮತ್ತೆ ಇವ್ರು ಯಾರ ಕೈ ಬಗ್ಗೆ ಬರೆದಿದ್ದಾರೆ?"

ಹೋಗಿ ಬರುವ ಕೈ, ಹೋಗಿ ಬರುವ ಮಾತು, ಇದು ದೊಡ್ಡ ಹೊಡೆತಕ್ಕೆ ಮೊದಲಿನ ಎಚ್ಚರಿಕೆ ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಅದನ್ನೇ ನೀವು ಎರಡೆರಡು ಸಲ ಬರೆದು ಕಳಿಸಿದ್ದೀರಿ. ನಾನು ಉತ್ತರವಾಗಿ ಬಾಯಿಯ ತುದಿ ಇಳಿಸಿ ಎಂದು ಬರೆದಿದ್ದೆ.

ಓಡಿಹೋಗಿ ಫೋನ್ ಮಾಡಿದೆ. ನಿಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಂಗಡಿಗೆ ಮಾಡಿದೆ. ವೆರ್ನರ್ ಎತ್ತಿದ. "ಐನಾರಾ? ಇಲ್ಲೇ ಬೆಂಚ್ ಮೇಲೆ ಕೂತಿದಾನಲ್ಲ. ಆಗಿಂದ ನಿಮ್ಮ ಮಾದ್ಸೆನ್ ಆಗಿದಾನೆ ಮೇಡಂ, ಒಂದು ಮಾತಿಗೂ ಉತ್ತರ ಕೊಡ್ತಿಲ್ಲ. ಇವತ್ತು ಬಹಳ ಚೆನ್ನಾಗಿ ಮಾಡ್ತಿದಾನೆ, ಬಾಯಿ ಕೂಡ ಸೊಟ್ಟ ಮಾಡ್ಕೊಂಡಿದಾನೆ."

ನಾನು ಏನೆಂದು ಕಿರುಚಿದೆನೋ ನೆನಪಿಲ್ಲ. ವೆರ್ನರ್ ಫೋನನ್ನು ಹಾಗೇ ತೂಗಬಿಟ್ಟು ಡಾಕ್ಟರ್ ಮನೆಗೆ ಓಡಿದ. ಫೋನಿನಲ್ಲಿ ನನಗೆ ಅಂಗಡಿಯ ಸದ್ದು ಕೇಳುತ್ತಿತ್ತು, ಯಾರೋ ಹೆಂಗಸು ನಗುತ್ತಾ ನಿಮಗೆ ಏನೋ ಹೇಳುತ್ತಿದ್ದಳು. ಹೆಲಿಕಾಪ್ಟರ್ ಹೊರಟಿತು ಎಂದು ತಿಳಿಯುವವರೆಗೆ ರಿಕ್ಕೆ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಳು. ಮಾತಾಡಲಿಲ್ಲ. ಗಡಿಯಾರ ನೋಡಲಿಲ್ಲ. ಅವಳ ಕೈ ಬೆಚ್ಚಗಿತ್ತು, ಐನಾರ್. ಅದನ್ನು ನಿಮಗೆ ಹೇಳಲೇಬೇಕೆಂದು ಬರೆಯುತ್ತಿದ್ದೇನೆ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನ್ನ ಗತಿ ಅದೇ. ನನಗೆ ನಿಮ್ಮ ಮೇಲೂ ಸಿಟ್ಟಿದೆ. ನಿಯಮದ ಬಗ್ಗೆ ಸುಮ್ಮನೆ ಕೇಳಿದೆ ಎಂದಿರಿ. ಸುಮ್ಮನೆ ಕೇಳಿರಲಿಲ್ಲ. ಏಕೆ ಹೇಳಲಿಲ್ಲ?

ಉತ್ತರ ಬರೆಯಲು ಈಗ ಆಗದು ಎಂದು ಗೊತ್ತು. ಕಾಯುತ್ತೇನೆ.

ಥೀರಾ


29 ನವೆಂಬರ್

ಥೀರಾ ಮೇಡಂ,

ಎಡಗೈ. ಮಗುವಿನ ಅಕ್ಷರ. ಬೈಯಬೇಡಿ.

ಮಾತು ಸ್ವಲ್ಪ ಬಂದಿದೆ. ಬೆಣ್ಣೆ ಬಂತು. ಹಗ್ಗವೂ ಬಂತು. ನಿಮ್ಮ ಹೆಸರು ಮೊದಲೇ ಬಂತು. ಇಲ್ಲಿ ಎಲ್ಲರನ್ನೂ ಅದೇ ಹೆಸರಿನಿಂದ ಕರೆದೆ. ಡಾಕ್ಟರನ್ನೂ.

ಹೊಸ ಹುಡುಗಿ ಒಬ್ಬಳು ಸರಿಯಿರುವ ತೋಳಿಗೆ ಮೊದಲು ಅಂಗಿ ಹಾಕಿದಳು. ನರಳಿದೆ. ತಿದ್ದಿಕೊಂಡಳು. ನಿಮ್ಮ ಕೆಲಸ ಇಲ್ಲೂ ಮಾಡಿದೆ.

ಗೋಡೆ ಕಡೆ ತಿರುಗಿದ್ದು. ನಿಮಗೆ ತೋರಿಸಿದ್ದೆಲ್ಲ ನಾಟಕದ ಕಾಯಿಲೆ. ಎದ್ದು ಕಾಫಿ ಕುಡಿಯುವ ಕಾಯಿಲೆ. ಇದು ಏಳುವುದಿಲ್ಲ. ಇದನ್ನು ನೀವು ನೋಡಬಾರದು ಅನ್ನಿಸಿತು.

ಏಕೆ ಹೇಳಲಿಲ್ಲ ಎಂದಿರಿ. ಹೇಳಿದ್ದರೆ ನವೆಂಬರ್ ಇರುತ್ತಿರಲಿಲ್ಲ. ಈಗಲೂ ಇಲ್ಲ. ನವೆಂಬರ್ ಪೂರ್ತಿ ಕಿಟಕಿ ನೋಡಿದೆ. ಇಲ್ಲಿಂದ ನೀರು ಕಾಣುವುದಿಲ್ಲ.

ಮುಂದಿನ ವಾರ ಮನೆಗೆ. ದಿನಕ್ಕೆರಡು ಸಲ ನರ್ಸ್ ಬರುತ್ತಾಳಂತೆ. ಗೊಂಬೆ ಬರಲಿ. ಒಳ್ಳೆಯದು. ಅದು ಬಟ್ಟಲು ಒಡೆಯುವುದಿಲ್ಲ.

ಐನಾರ್


ಆಲ್ಬೋರ್ಗ್
9 ಡಿಸೆಂಬರ್ 1998

ಐನಾರ್,

ನಿಮ್ಮ ಅಕ್ಷರ ಚೆನ್ನಾಗಿದೆ. ಬಲಗೈಯ ಅಕ್ಷರಕ್ಕಿಂತ ಓದಲು ಸುಲಭ, ಅದನ್ನೂ ಹೇಳಿಬಿಡುತ್ತೇನೆ.

ಗೊಂಬೆ ಬಂದಿದೆ. ನವೆಂಬರಿನಲ್ಲಿ ಮುಖ್ಯಸ್ಥೆಗೆ ತೋರಿಸಲು ನಮ್ಮ ಬಳಿ ಯಾರೂ ಇರಲಿಲ್ಲ, ವಾದಿಸಲು ನನಗೆ ಮನಸ್ಸೂ ಇರಲಿಲ್ಲ. ಹುಡುಗಿಯರು ಅದಕ್ಕೆ ಮಾದ್ಸೆನ್ ಎಂದೇ ಹೆಸರಿಟ್ಟಿದ್ದಾರೆ. ಎದೆ ಏರಿಳಿಯುತ್ತದೆ. ಕೆಲಸಕ್ಕೆ ಬಾರದ್ದಲ್ಲ, ಚುಚ್ಚುಮದ್ದು ಕೊಡುವಾಗ ಮೊದಲ ವರ್ಷದವರ ಕೈ ಈಗ ನಡುಗುವುದಿಲ್ಲ. ಆದರೆ ಮೊನ್ನೆ ರಿಕ್ಕೆ ಬೋಗುಣಿಯಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ಅದರ ಪಕ್ಕ ಕುರ್ಚಿ ಎಳೆದು ಕೂತು, ರಬ್ಬರ್ ಕೈ ಹಿಡಿದು, "ಮನೇಲಿ ನಾಯಿ ಇದ್ಯಾ?" ಎಂದು ಕೇಳಿದಳು. ಬಹಳ ಹೊತ್ತು ಕಾದಳು. ಉಳಿದವರು ಮುಸಿಮುಸಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮುಖ್ಯಸ್ಥೆ ನಗಲಿಲ್ಲ. ವಸಂತದಲ್ಲಿ ಮತ್ತೆ ಮನುಷ್ಯರನ್ನು ಕರೆಸೋಣವೇ ಎಂದು ಆಮೇಲೆ ನನ್ನನ್ನು ಕೇಳಿದರು. ಮಾತು ಹೋಗಿ ಬಂದವರು, ಕೈ ಹೋದವರು, ಅವರನ್ನೂ ಕರೆಸೋಣ, ಆ ನಿಯಮ ತೆಗೆಯಿರಿ ಎಂದೆ. ಯೋಚಿಸುತ್ತೇನೆ ಎಂದಿದ್ದಾರೆ. ಅದು ಶಾಲೆಯ ವಿಷಯ. ಆಗಲಿ, ಬಿಡಲಿ.

ನೀವು ಬೋಗುಣಿಯ ವಿಷಯ ಬರೆದಿರಲಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಬೋಗುಣಿ ಇಡಿಸುವುದು ನನಗೆ ಬರುತ್ತದೆ, ಹಾಗಾಗಿ ಬೋಗುಣಿ ಇಡಿಸಿದೆ. ಇನ್ನೊಬ್ಬರ ನೋವನ್ನು ಹೇಗೆ ಕೇಳಬೇಕೆಂದು ಇಷ್ಟು ವರ್ಷ ಕಲಿಸಿದೆ. ನನ್ನದನ್ನು ಹೇಗೆ ಹೇಳಬೇಕೆಂದು ನನಗೆ ಯಾರೂ ಕಲಿಸಲಿಲ್ಲ. ಬರುವ ಒಂದೇ ವಿಧಾನದಲ್ಲಿ ಬರೆಯುತ್ತೇನೆ.

ಹೊಸ ಪಾತ್ರ. ಹೆಸರು ಥೀರಾ ಕ್ರಾಗ್, ವಯಸ್ಸು ಐವತ್ತೊಂಬತ್ತು. ಮದುವೆಯಾಗಿಲ್ಲ. ನೋಡಲು ಗಟ್ಟಿಮುಟ್ಟು, ಊಟ ತಿಂಡಿ ಸರಿಯಾಗಿದೆ. ಲಕ್ಷಣಗಳು: ನಿಮ್ಮ ದ್ವೀಪದ ಹಡಗು ಹೊರಡುವ ವೇಳೆಗಳೆಲ್ಲ ಬಾಯಿಪಾಠ, ಆದರೆ ಹಡಗು ಹತ್ತುವುದಿಲ್ಲ. ಅಂಚೆಯವನ ಸೈಕಲ್ ಸದ್ದಾದರೆ ಪಾಠ ತಪ್ಪುತ್ತದೆ. ನವೆಂಬರಿನಲ್ಲಿ ಎಲ್ಲರೂ ಮನೆಗೆ ಹೋದ ಮೇಲೆ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿ ನೀರು ನೋಡಿದಳು, ಬೆಳಕು ಕಣ್ಣಿಗೆ ಹೊಡೆಯುತ್ತದೆಯೇ ನೋಡಲು ಅಲ್ಲ. ಬುದ್ಧಿ ಪೂರ್ತಿ ಸರಿಯಾಗಿದೆ. ಬೇಕಾದ ಮಾತು ಮಾತ್ರ ಬಾಯಿಗೆ ಬರುವುದಿಲ್ಲ.

ಕೇಳಿದರೆ ಮಾತ್ರ ಹೇಳುವುದು:

ಥೀರಾ


ಲೇಸೋ ದ್ವೀಪ
18 ಡಿಸೆಂಬರ್

ಥೀರಾ,

ಎಡಗೈಯನ್ನು ಒಲೆಯ ಮುಂದೆ ಹಿಡಿದೆ. ಬೆಚ್ಚಗಾಗಿದೆ.

ಎರಡು ಕುರ್ಚಿ ಎಳೆದಿದ್ದೇನೆ. ಒಂದರಲ್ಲಿ ಕೂತಿದ್ದೇನೆ. ಗಡಿಯಾರಕ್ಕೆ ಬೆನ್ನು ಮಾಡಿದ್ದೇನೆ.

ಏನು, ಥೀರಾ?

ಇನ್ನು ಬಾಯಿ ಮುಚ್ಚಿಕೊಂಡು ಕಾಯುತ್ತೇನೆ.

ಐನಾರ್